ಎಲ್ಕ್ ಬೇಟೆಗೆ ಎಂಥ ಗುಂಡು?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರೈಫಲ್ ಹಿಡಿದು ಎಲ್ಕ್ ಬೇಟೆಗೆ ಹೊರಡುವವರಿಗೆ ಕಟ್ಟುಪಾಡುಗಳಿವೆ. ಕೋವಿಯ ಕ್ಯಾಲಿಬರ್, ಅಂದರೆ ನಳಿಗೆಯ ಒಳವ್ಯಾಸ, 0.24 ಇಂಚಿಗಿಂತ ಕಡಿಮೆ ಇರಕೂಡದು. ಗುಂಡು ಕನಿಷ್ಠ 85 ಗ್ರೇನ್, ಎಂದರೆ ಐದೂವರೆ ಗ್ರಾಂ ತೂಗಬೇಕು. ನೂರು ಗಜ ಹಾರಿದ ಮೇಲೂ ಅದರಲ್ಲಿ 1000 ಅಡಿ-ಪೌಂಡ್ (ಸುಮಾರು 1356 ಜೂಲ್) ಶಕ್ತಿ ಉಳಿದಿರಬೇಕು. ಜೊತೆಗೆ, ಅದು ಮೈಯೊಳಗೆ ಹೊಕ್ಕೊಡನೆ ಅರಳುವಂಥ ಗುಂಡೇ ಆಗಿರಬೇಕು.

ಈ ಕೊನೆಯ ನಿಯಮ ವಿಚಿತ್ರ. ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದು 1899ರ ಹೇಗ್ ಘೋಷಣೆ ಹೇಳಿತ್ತು. ಆ ಗಲಾಟೆಯ ಮೂಲ ನಮ್ಮ ದೇಶದಲ್ಲೇ ಇತ್ತು: ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಬ್ರಿಟಿಷರು ತಯಾರಿಸಿದ ಗುಂಡು. ರಣರಂಗದಲ್ಲಿ ಕ್ರೌರ್ಯವೆನಿಸಿಕೊಂಡದ್ದು ಕಾಡಿನಲ್ಲಿ ಕಡ್ಡಾಯವಾದದ್ದೇಕೆ? ಸೈನಿಕ ಗಾಯಗೊಂಡರೆ ಸಾಕು, ಅವನು ಕಾಳಗದಿಂದ ಹೊರಗೆ. ಗಾಯಗೊಂಡ ಪ್ರಾಣಿಯಾದರೋ ಕಾಡು ಸೇರಿ ದಿನಗಟ್ಟಲೆ ನರಳುತ್ತದೆ. ಬೇಗ ಸಾಯಿಸುವುದೇ ಬೇಟೆಯಲ್ಲಿ ಇರಬಹುದಾದ ಅಲ್ಪಸ್ವಲ್ಪ ಕರುಣೆ.

ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಆಳು ಇನ್ನೂ ದೊಡ್ಡದು. ಬಲಿತ ಗಂಡು 300 ಕಿಲೋ ದಾಟುತ್ತದೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಡವೆಗೆ ಈಡು ಹೊಡೆದವನಿಗೆ ಜೈಲೇ ಗತಿ, ಅಲ್ಲಿ ಲೈಸೆನ್ಸ್ ಪಡೆದು, ಬೇಟೆಯ ಕಾಲದಲ್ಲಿ ಹೊಡೆಯಬಹುದು.) ಇಷ್ಟು ದೊಡ್ಡ ಪ್ರಾಣಿಗೆ ಅಷ್ಟೇ ದೊಡ್ಡ ಕೋವಿ ಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. 1906ರ .30-06 ಸ್ಪ್ರಿಂಗ್‌ಫೀಲ್ಡ್ ತೋಟಾ ಸಾಕೋ, ಹೆಚ್ಚು ಮದ್ದು ತುಂಬಿದ 1963ರ .300 ವಿಂಚೆಸ್ಟರ್ ಮ್ಯಾಗ್ನಮ್ಮೇ ಬೇಕೋ ಎಂಬ ವಾದಕ್ಕೆ ಅಲ್ಲಿ ಕೊನೆಯಿಲ್ಲ.

ಲೆಕ್ಕ ಹಾಕಿ ನೋಡೋಣ. .30-06ರಿಂದ ಹೊರಟ 180 ಗ್ರೇನ್ ಗುಂಡಿನ ತೂಕ 11.7 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಶಕ್ತಿ ಹತ್ತಿರಹತ್ತಿರ 3900 ಜೂಲ್. ಕೇಳಲು ದೊಡ್ಡ ಸಂಖ್ಯೆ. 80 ಕಿಲೋ ತೂಕದ ಮನುಷ್ಯ ಐದು ಮೀಟರ್ ಎತ್ತರಕ್ಕೆ ಮೆಟ್ಟಿಲು ಹತ್ತಲು ಬೇಕಾಗುವುದೂ ಅಷ್ಟೇ. ಇನ್ನು ಸಂವೇಗ: ಆ ಗುಂಡು ಎಲ್ಕ್‌ನ ಮೈಯಲ್ಲೇ ನಿಂತರೂ 320 ಕಿಲೋದ ದೇಹವನ್ನು ಸೆಕೆಂಡಿಗೆ ಮೂರು ಸೆಂಟಿಮೀಟರ್ ವೇಗದಲ್ಲಿ ತಳ್ಳೀತು, ಹೆಚ್ಚೆಂದರೆ. ಗುಂಡಿನ ಪೆಟ್ಟಿಗೇ ಎಲ್ಕ್ ಉರುಳುವಂತಿದ್ದರೆ, ನ್ಯೂಟನ್‌ನ ಮೂರನೆಯ ನಿಯಮದ ಪ್ರಕಾರ ಹೊಡೆದವನೂ ಅಂಗಾತ ಬೀಳಬೇಕಿತ್ತು.

ಹಾಗಾದರೆ ಕೊಲ್ಲುವುದು ಯಾವುದು? ಗುಂಡು ಹೋದ ದಾರಿ. ಮುಂಗಾಲಿನ ಹಿಂಬದಿಗೆ, ಎದೆಗೂಡಿನೊಳಗೆ ಹೃದಯವೂ ಎರಡು ಶ್ವಾಸಕೋಶಗಳೂ ಒತ್ತಾಗಿವೆ. ಅಲ್ಲಿನ ರಕ್ತನಾಳಗಳು ಹರಿದರೆ ರಕ್ತದೊತ್ತಡ ಕುಸಿದು, ಮಿದುಳಿಗೆ ಆಮ್ಲಜನಕ ನಿಂತು, ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಆ ಸೆಕೆಂಡುಗಳಲ್ಲೇ ಎಲ್ಕ್ ನೂರು ಮೀಟರ್ ಓಡಿರಲೂಬಹುದು. ಅರಳದ ಗುಂಡು ಬೆರಳು ತೂರದಷ್ಟು ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ. ಅರಳಿದ್ದು ತನ್ನ ವ್ಯಾಸಕ್ಕಿಂತ ಸುಮಾರು ಎರಡು ಪಟ್ಟು ಅಗಲವಾಗಿ ಕೊರೆಯುತ್ತದೆ.

ತೊಡಕು ಇರುವುದು ಇಲ್ಲೇ. ಅರಳಬೇಕು, ಚೂರಾಗಬಾರದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ ಕೆಸರು ಮೆತ್ತಿಕೊಂಡ ಒಂದು ಮೂಸ್‌ಗೆ (ಭಾರಿ ಗಾತ್ರದ ಜಿಂಕೆ) ಮ್ಯಾಗ್ನಮ್ ಕೋವಿಯಿಂದಲೇ ಹೊಡೆದ. ಗುಂಡುಗಳು ಆಳಕ್ಕಿಳಿಯದೆ ಮೇಲ್ಮೈಯಲ್ಲೇ ಒಡೆದುಹೋದವು. ವೇಗ ಕಡಿಮೆಯಾಗಿ ಹಾಗಾದದ್ದಲ್ಲ, ಆ ಗುಂಡಿನ ತಾಳಿಕೆಗೆ ವೇಗ ಅತಿಯಾಗಿತ್ತು. ಊರಿಗೆ ಮರಳಿ ಆತ ಗುಂಡಿನ ಮಧ್ಯೆ ತಾಮ್ರದ ಅಡ್ಡಗೋಡೆ ಇಟ್ಟ: ಮುಂದಿನ ಸೀಸ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಒಳಕ್ಕೆ ನೂಕುತ್ತದೆ. 1948ರಿಂದ ಮಾರಾಟಕ್ಕೆ ಬಂದ ಆ ‘ಪಾರ್ಟಿಷನ್’ ಗುಂಡು ಇವತ್ತಿಗೂ ಎಲ್ಕ್ ಬೇಟೆಗಾರರ ಚೀಲದಲ್ಲಿರುತ್ತದೆ. ನನ್ನನ್ನು ಕೇಳಿದರೆ, ಕ್ಯಾಲಿಬರ್ ಕುರಿತ ವಾದಗಳಿಗಿಂತ ಈ ಒಂದು ಗೋಡೆಯ ಬೆಲೆ ಹೆಚ್ಚು.

ದೂರಕ್ಕೂ ಇದೇ ಮಾತು. 300 ಗಜ ಹೋಗುವಷ್ಟರಲ್ಲಿ ನಮ್ಮ 180 ಗ್ರೇನ್ ಗುಂಡಿನ ವೇಗ ಸೆಕೆಂಡಿಗೆ 620 ಮೀಟರಿನ ಆಸುಪಾಸಿಗೆ ಇಳಿದು, ಶಕ್ತಿ ಅರ್ಧಕ್ಕಿಂತ ಚೂರು ಹೆಚ್ಚು ಉಳಿದಿರುತ್ತದೆ. ಎಷ್ಟೋ ಬೇಟೆಗುಂಡುಗಳು 550 ಮೀಟರ್ ವೇಗಕ್ಕಿಂತ ಕೆಳಗೆ ಸರಿಯಾಗಿ ಅರಳುವುದೇ ಇಲ್ಲ. ಮ್ಯಾಗ್ನಮ್ ಈ ಗಡಿಯನ್ನು ಇನ್ನಷ್ಟು ದೂರ ಸರಿಸುತ್ತದೆ, ನಿಜ. ಆದರೆ ಅದು ಹೆಗಲಿಗೆ ಜೋರಾಗಿ ಒದೆಯುತ್ತದೆ. ಆ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಎಳೆದವನ ಗುಂಡು ಹೊಟ್ಟೆಗೆ ಬಿದ್ದರೆ ಹೆಚ್ಚುವರಿ ವೇಗದಿಂದ ಏನೂ ಪ್ರಯೋಜನವಿಲ್ಲ.

ಈಗಿನ ದೊಡ್ಡ ಪ್ರಶ್ನೆ ಲೋಹದ್ದು. ಸೀಸದ ಗುಂಡಿನ ಸಣ್ಣ ಚೂರುಗಳು ಮಾಂಸದಲ್ಲೂ ಬೇಟೆಗಾರ ಬಿಟ್ಟುಹೋದ ಕರುಳಿನಲ್ಲೂ ಹರಡುತ್ತವೆ. ಅದನ್ನು ತಿನ್ನುವ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದಿಗೆ ಸೀಸವೇ ದೊಡ್ಡ ಕಂಟಕ. 1982ರಲ್ಲಿ ಉಳಿದಿದ್ದದ್ದು ಬರೀ 22 ಹಕ್ಕಿಗಳು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ನಿಷೇಧಿಸಿತು. ಬದಲಿಗೆ ಬಂದ ಅಪ್ಪಟ ತಾಮ್ರದ ಗುಂಡು ಅರಳಿದರೂ ಬಹುಪಾಲು ಇಡಿಯಾಗಿ ಉಳಿಯುತ್ತದೆ. ಆದರೆ ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆ, ಹಾಗಾಗಿ ಅದೇ ತೂಕದ ಗುಂಡು ಉದ್ದವಾಗುತ್ತದೆ, ಅರಳಲು ವೇಗವನ್ನೂ ಬೇಡುತ್ತದೆ. ಅದಕ್ಕೇ 180 ಗ್ರೇನ್ ಬಳಸುತ್ತಿದ್ದವರು ತಾಮ್ರಕ್ಕೆ ಬದಲಾದಾಗ 165ಕ್ಕೋ 150ಕ್ಕೋ ಇಳಿಯುವುದುಂಟು. ಕೋವಿ ಹಳೆಯದೇ ಆದರೂ ಹೊಸ ಗುಂಡು ಬೇರೆ ಜಾಗಕ್ಕೆ ಬೀಳುತ್ತದೆ. ಬೇಟೆಯ ಕಾಲ ಶುರುವಾಗುವ ಮೊದಲೇ ಕಾಗದದ ಗುರಿಗೆ ಹೊಡೆದು ದುರ್ಬೀನು ಹೊಂದಿಸಿಕೊಳ್ಳಬೇಕು.