ವಾಟ್ಸ್‌ಆ್ಯಪ್‌ಗೆ ಲೀಗಲ್ ನೋಟಿಸ್ ಬಂತಾ? ದುಡ್ಡು ಹಾಕೋ ಮುಂಚೆ ಓದಿ

ಮೊನ್ನೆ ರಾತ್ರಿ ಹತ್ತು ಗಂಟೆಗೆ ಮೊಳಕಾಲ್ಮೂರು ಕಡೆಯ ರೇಷ್ಮೆ ಬೆಳೆಗಾರ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ನಾಳೆ ಪೊಲೀಸ್ರು ಬಂದು ಅಮ್ಮನ್ನ ಅರೆಸ್ಟ್ ಮಾಡ್ತಾರಂತೆ. ಎಂಟು ಸಾವಿರ ಹಾಕಿದ್ರೆ ಕೇಸ್ ವಾಪಸ್ ಅಂತಿದಾರೆ." ಅಮ್ಮ ಗುಂಪಿನಲ್ಲಿ ಸಾಲ ತಗೊಂಡಿದ್ದರು, ಮೂರು ಕಂತು ನಿಂತಿತ್ತು. ಬಂದ ಕಾಗದ ಕಳಿಸು ಅಂದೆ. ಮೇಲೆ ತಕ್ಕಡಿ ಚಿತ್ರ, ಕೆಳಗೆ ಕೆಂಪಕ್ಷರ. ಕೋರ್ಟಿನ ಹೆಸರಿಲ್ಲ, ಕೇಸ್ ನಂಬರಿಲ್ಲ, ವಕೀಲರ ಸಹಿಯೂ ಇಲ್ಲ. ಚಾಕಿ ಹುಳ ತರೋಕೆ ಇಟ್ಟಿದ್ದ ದುಡ್ಡನ್ನ ಅದಕ್ಕೆ ಹಾಕೋಕೆ ಹೊರಟಿದ್ದ.

ಮಳೆ ಕೈಕೊಟ್ಟು ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಸಿವಿಲ್ ವ್ಯವಹಾರ. ಫೈನಾನ್ಸ್‌ನವರು ಹೇಳಿದರು ಅಂತ ಪೊಲೀಸರು ಬಂದು ಹಿಡಿದುಕೊಂಡು ಹೋಗುವಂತಿಲ್ಲ. ಅವರು ಕೋರ್ಟಿಗೆ ಹೋಗಬೇಕು, ಡಿಕ್ರಿ ತರಬೇಕು. ಆಮೇಲೂ ರೈತನ ಜೀವನಕ್ಕೆ ಬೇಕೇ ಬೇಕು ಅಂತ ಕೋರ್ಟ್ ಒಪ್ಪುವ ಉಳುಮೆ ಸಾಮಾನು, ಎತ್ತು-ದನ, ಬಿತ್ತನೆ ಬೀಜವನ್ನು ಜಪ್ತಿ ಮಾಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ. ಟ್ರ್ಯಾಕ್ಟರನ್ನೇ ಅಡವಿಟ್ಟು ಸಾಲ ತಂದಿದ್ದರೆ ಮಾತು ಬೇರೆ.

ನಿಜವಾದ ಕೇಸ್ ಇದೆಯಾ ಅಂತ ಫೋನಲ್ಲೇ ನೋಡಬಹುದು. ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡು, 16 ಅಕ್ಷರದ ಸಿಎನ್‌ಆರ್ ನಂಬರ್ ಇದ್ದರೆ ಅದನ್ನ, ಇಲ್ಲದಿದ್ದರೆ ನಿಮ್ಮ ಹೆಸರನ್ನ ಹಾಕಿ ಹುಡುಕಿ. ಲೋಕ ಅದಾಲತ್ ನೋಟಿಸ್ ಬಂದರೆ ಗಾಬರಿ ಬೇಡ, ಅದು ರಾಜಿಗೆ ಕರೆಯುವ ಕಾಗದ. ಒಪ್ಪಿಗೆಯಾಗದಿದ್ದರೆ ಸಹಿ ಹಾಕಬೇಡಿ. ಸಹಿ ಹಾಕಿದರೆ ಅದು ಡಿಕ್ರಿಗೆ ಸಮ, ಅಪೀಲು ಇಲ್ಲ.

ಒಂದು ಕಾಗದವನ್ನ ಮಾತ್ರ ಹಗುರವಾಗಿ ತಗೋಬೇಡಿ: ಚೆಕ್ ಬೌನ್ಸ್ ನೋಟಿಸ್. ಇಲ್ಲಿ ನಾನೇ ಎಡವಿದ್ದೆ. ಚಳ್ಳಕೆರೆ ಕಡೆ ಶೇಂಗಾ ಕೈಕೊಟ್ಟ ವರ್ಷ, ಡ್ರಿಪ್ ಸಾಮಾನಿನ ಬಾಕಿಗೆ ಕೊಟ್ಟಿದ್ದ ಚೆಕ್ ವಾಪಸ್ ಬಂತು. ಪೋಸ್ಟ್‌ಮ್ಯಾನ್ ರಿಜಿಸ್ಟರ್ಡ್ ಕವರ್ ತಂದಾಗ "ಊರಲ್ಲಿಲ್ಲ ಅಂತ ಬರೀರಿ" ಅಂದೆ. ಬೇಡ ಅಂದ ನೋಟಿಸನ್ನೂ ತಲುಪಿದ ಹಾಗೇ ಲೆಕ್ಕ ಹಿಡಿಯುತ್ತಾರೆ ಅಂತ ಗೊತ್ತಿರಲಿಲ್ಲ. ನೋಟಿಸ್ ತಲುಪಿದ 15 ದಿನದೊಳಗೆ ಹಣ ಕೊಡದಿದ್ದರೆ 138ನೇ ಕಲಮಿನಡಿ ಕ್ರಿಮಿನಲ್ ಕೇಸ್ ಹಾಕಬಹುದು. 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟುವರೆಗೆ ದಂಡ, ಅಥವಾ ಎರಡೂ ಆಗಬಹುದು. ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗುವ ಕಂತು ದುಡ್ಡಿಲ್ಲದೆ ವಾಪಸಾದರೂ ಇಂಥದ್ದೇ ಕಾನೂನಿದೆ. ಆ ಕವರ್ ಬಿಡಿಸಿ ಓದಿದ್ದರೆ ಒಂದು ಮಾತಿನಲ್ಲಿ ಮುಗೀತಿತ್ತು. ಲೋಕ ಅದಾಲತ್‌ನಲ್ಲಿ ರಾಜಿಯಾಗೋ ಹೊತ್ತಿಗೆ ಒಂದೂವರೆ ವರ್ಷ ಓಡಾಡಿದ್ದೆ.

ಇನ್ನು ಕಿರುಕುಳದ ವಿಷಯ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಇಂಥ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ನೆಂಟರಿಗೆ ಕಾಟ ಕೊಡುವುದು, ಹೆಸರು ಬಯಲು ಮಾಡುವುದು, ಕಟ್ಟದಿದ್ದರೆ ಏನಾಗುತ್ತೆ ಅಂತ ಸುಳ್ಳು ಹೇಳುವುದು, ಎಲ್ಲವನ್ನೂ ಆರ್‌ಬಿಐ ನಿಯಮ ನಿಷೇಧಿಸಿದೆ. ಆ ಹುಡುಗನಿಗೆ ರಾತ್ರಿ ಬಂದ ಕರೆಯೇ ತಪ್ಪು. ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು, ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದರ ಏಟು ಮುಖ್ಯವಾಗಿ ನೋಂದಣಿಯಿಲ್ಲದೆ ಸಾಲ ಕೊಡುವವರಿಗೆ. ಆರ್‌ಬಿಐ ನೋಂದಣಿ ಇರುವ ಕಂಪನಿಯಾದರೆ ಆರ್‌ಬಿಐ ನಿಯಮವನ್ನೇ ಹಿಡಿದು ಮಾತಾಡಿ.

ಕರೆ ರೆಕಾರ್ಡ್ ಮಾಡಿ, ಮೆಸೇಜ್ ಅಳಿಸಬೇಡಿ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ, ಮಾಹಿತಿಗೆ 14448. ಮನೆ ಮುಂದೆ ಗಲಾಟೆ ಮಾಡಿದರೆ 112. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅನ್ನಬೇಡಿ, ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನಲ್ಲೇ ಇರುತ್ತೆ. ಹೆಣ್ಣುಮಕ್ಕಳಿಗೆ, ಎಸ್‌ಸಿ-ಎಸ್‌ಟಿಯವರಿಗೆ ಆದಾಯ ಎಷ್ಟಿದ್ದರೂ ಉಚಿತ. ಸಹಾಯವಾಣಿ 15100.

ಇದೆಲ್ಲ ಸಾಲ ಮುಳುಗಿಸೋಕೆ ದಾರಿ ಅಂತ ಯಾರೂ ತಿಳಿಯಬೇಡಿ. ಮರುದಿನ ಆ ಹುಡುಗ ಅಮ್ಮನ ಜೊತೆ ಶಾಖೆಗೆ ಹೋಗಿ, ಗೂಡು ಮಾರಿದ ಮೇಲೆ ಬಾಕಿ ಕಂತು ಕಟ್ಟುವುದಾಗಿ ಅರ್ಜಿ ಕೊಟ್ಟು, ಅದರ ನಕಲಿಗೆ ಸೀಲ್ ಹಾಕಿಸಿಕೊಂಡು ಬಂದ. ಎಂಟು ಸಾವಿರ ಕೇಳಿದ ನಂಬರ್ ತೋರಿಸಿದರೆ, ಅದು ತಮ್ಮದಲ್ಲ ಅಂದರಂತೆ ಅಲ್ಲಿಯವರು.