ಹ್ಯಾಕ್ ಆಯ್ತು ಅಂತ ಅಮ್ಮನ ಫೋನ್ ಕಿತ್ಕೋಬೇಡಿ

ಹೋದ ತಿಂಗಳು ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಫೋನಿಗೆ ಬೆಳ್ಳಂಬೆಳಗ್ಗೆ ವಾಟ್ಸಾಪ್‌ನ ಆರಂಕಿಯ ಕೋಡ್ ಎರಡು ಸಲ ಬಂತು. ಅವರು ಕೇಳಿರಲಿಲ್ಲ. ಹತ್ತೇ ನಿಮಿಷಕ್ಕೆ ಫ್ಯಾಮಿಲಿ ಗ್ರೂಪಿನಲ್ಲಿ ಗದ್ದಲ: 'ಅಕೌಂಟ್ ಹ್ಯಾಕ್ ಆಗಿದೆ, ಯಾರೂ ದುಡ್ಡು ಕಳಿಸಬೇಡಿ.' ಚಿಕ್ಕಪ್ಪ ಫೋನ್ ಸ್ವಿಚ್ ಆಫ್ ಮಾಡಿ ಬೀರುವಿನಲ್ಲಿಟ್ಟರು. 'ಕಂಡಕಂಡ ಲಿಂಕ್ ಒತ್ತಬೇಡ ಅಂದ್ರೆ ಕೇಳಲ್ಲ' ಅನ್ನೋ ಬೈಗುಳ ಬೇರೆ. ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಎಂಜಿನಿಯರಿಂಗ್ ಓದಿದವನು ಅಂತ ನನಗೆ ಫೋನ್ ಬಂತು. ಓದಿದ್ದು ಮೆಕ್ಯಾನಿಕಲ್, ಇರಲಿ.

ಕೇಳದೆ ಕೋಡ್ ಬಂತು ಅಂದರೆ ಅರ್ಥ ಇಷ್ಟೇ: ಯಾರೋ ತಮ್ಮ ಫೋನಿನಲ್ಲಿ ನಿಮ್ಮ ನಂಬರ್ ಹಾಕಿ ವಾಟ್ಸಾಪ್ ತೆರೆಯಲು ನೋಡಿದ್ದಾರೆ. ಒಂದಂಕಿ ತಪ್ಪಿ ಒತ್ತಿದವರಿರಬಹುದು, ಕಳ್ಳನೂ ಇರಬಹುದು. ಯಾರೇ ಆಗಲಿ, ಇನ್ನೂ ಬಾಗಿಲ ಹೊರಗೇ ಇದ್ದಾರೆ. ಕೀಲಿ ಬಂದಿರೋದು ನಿಮ್ಮ ಕೈಗೆ. ಅದನ್ನು ಯಾರಿಗೂ ಹೇಳದಿದ್ದರೆ ಆಯ್ತು. ಚಿಕ್ಕಮ್ಮ ಹೇಳಿರಲಿಲ್ಲ. ಅಂದರೆ ಹ್ಯಾಕ್ ಆಗೇ ಇರಲಿಲ್ಲ.

ಆದರೂ ಫೋನ್ ಮೂರು ದಿನ ಬೀರುವಿನಲ್ಲೇ ಇತ್ತು. ಅವರು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋದು, ಸಭೆ ಕರೆಯೋದು ಅದೇ ಫೋನಿನಲ್ಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ಮೆಸೇಜು ಬರೋದೂ ಅದಕ್ಕೇ. ಅದೇ ಕೋಡ್ ಚಿಕ್ಕಪ್ಪನ ಫೋನಿಗೆ ಬಂದಿದ್ದರೆ ಅದು ಬೀರು ಸೇರುತ್ತಿತ್ತಾ? ಕಳ್ಳ ಏನೂ ಕದಿಯದೇ ಇದ್ದರೂ ಹೆಂಗಸಿನ ಕೈಯಿಂದ ಫೋನ್ ಹೋಗುತ್ತದೆ. ನಾವು ಇದನ್ನು 'ಸುರಕ್ಷತೆ' ಅಂತೀವಿ.

ಹಾಗಾದರೆ ಖಾತೆ ನಿಜವಾಗಿ ಕೈತಪ್ಪುವುದು ಹೇಗೆ? ಮಾಮೂಲಿ ದಾರಿ, ಪರಿಚಯದವರ ಹೆಸರಲ್ಲಿ 'ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ, ಸ್ವಲ್ಪ ಕಳಿಸಿ' ಎಂಬ ಮೆಸೇಜು. ಇನ್ನೊಂದು, 'ಲಿಂಕ್ಡ್ ಡಿವೈಸಸ್' ಮೂಲಕ ನಿಮ್ಮ ಖಾತೆಯನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿಕೊಳ್ಳುವುದು. ಆ ಪಟ್ಟಿಯಲ್ಲಿ ಗುರುತಿಲ್ಲದ ಹೆಸರಿದ್ದರೆ ತಕ್ಷಣ ಲಾಗೌಟ್ ಮಾಡಿ.

ಮೂರನೆಯದು ಜಾಣತನದ್ದು. ವಾಟ್ಸಾಪ್ ಕೋಡನ್ನು ಕರೆ ಮಾಡಿಯೂ ಹೇಳುತ್ತದೆ. ಕೊರಿಯರ್‌ನವನ ಸೋಗಿನಲ್ಲಿ ಕಳ್ಳ ನಿಮ್ಮಿಂದ *21* ಒತ್ತಿಸಿ, ಅದರ ಮುಂದೆ ತನ್ನ ನಂಬರ್ ಹಾಕಿಸುತ್ತಾನೆ. ಅಲ್ಲಿಂದ ನಿಮ್ಮ ಕರೆಗಳೆಲ್ಲ ಅವನಿಗೆ. ಕೋಡ್ ಹೇಳುವ ಕರೆಯೂ ಅವನಿಗೇ. ನೀವು ಬಾಯಿಬಿಟ್ಟು ಏನನ್ನೂ ಹೇಳಿರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನಟಿ ಪ್ರಿಯಾಂಕಾ ಉಪೇಂದ್ರ ಅವರಿಗೂ ಡೆಲಿವರಿ ಹೆಸರಲ್ಲಿ ಹೀಗೇ ಚಿಹ್ನೆ, ಅಂಕಿಗಳ ಕೋಡ್ ಒತ್ತಿಸಲಾಗಿತ್ತು. ಆಮೇಲೆ ಅವರ ವಾಟ್ಸಾಪ್‌ನಿಂದ ಪರಿಚಯದವರಿಗೆಲ್ಲ ದುಡ್ಡು ಕೇಳುವ ಮೆಸೇಜು ಹೋಯಿತು. ಸಿನಿಮಾದವರ ಮನೆಯಲ್ಲೇ ಹೀಗಾದ ಮೇಲೆ 'ಓದಿಲ್ಲದವರು ಮೋಸ ಹೋಗ್ತಾರೆ' ಅನ್ನೋ ಮಾತಿಗೆ ಬೆಲೆಯಿಲ್ಲ.

ಸರ್ಕಾರಕ್ಕೂ ಈ ಕಿಂಡಿ ಗೊತ್ತಿತ್ತು. ಇಂಥ ಕೋಡ್ ಒತ್ತಿ ಕರೆ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಹಾಗಿದ್ದೂ ಕೋಡ್ ಒತ್ತಿಸುವ ಮೋಸ ನಿಂತಿಲ್ಲ. ಬೈಯೋದಿದ್ದರೆ ಮೊದಲು ಅಲ್ಲಿ ಬೈಯಿರಿ.

ಖಾತೆ ಹೋಗೇಬಿಟ್ಟಿದ್ದರೆ? ##002# ಒತ್ತಿ ಫಾರ್ವರ್ಡಿಂಗ್ ರದ್ದು ಮಾಡಿ. ನಿಮ್ಮದೇ ನಂಬರ್ ಹಾಕಿ ವಾಟ್ಸಾಪ್‌ಗೆ ಮತ್ತೆ ಲಾಗಿನ್ ಆಗಿ, ಕಳ್ಳ ತಾನಾಗೇ ಹೊರಬೀಳುತ್ತಾನೆ. ಅವನು ಪಿನ್ ಹಾಕಿಟ್ಟಿದ್ದರೆ ನೀವು ಏಳು ದಿನ ಕಾಯಬೇಕಾಗಬಹುದು, ಆದರೆ ಅವನಂತೂ ಒಳಗಿರಲ್ಲ. ಯಾರಾದರೂ ದುಡ್ಡು ಕಳಿಸಿದ್ದರೆ ಮಾತ್ರ ಒಂದು ನಿಮಿಷವೂ ಕಾಯದೆ 1930ಕ್ಕೆ ಕರೆ ಮಾಡಿ. ಕಳ್ಳ ಆ ಹಣ ಡ್ರಾ ಮಾಡುವ ಮೊದಲೇ ತಡೆಹಿಡಿಯಲು ಸಾಧ್ಯವಿದೆ.

ಇವತ್ತು ಸಂಜೆ ಮನೆಯವರ ಜೊತೆ ಕೂತು, ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ 'ಟು ಸ್ಟೆಪ್ ವೆರಿಫಿಕೇಶನ್' ಆನ್ ಮಾಡಿಸಿ. ಆರಂಕಿಯ ಪಿನ್ ಕೇಳುತ್ತದೆ. ಅದನ್ನು ನೀವು ಹಾಕಿಕೊಡಬೇಡಿ, ಅಮ್ಮನೇ ಆರಿಸಲಿ. ನಿಮ್ಮ ಹುಟ್ಟಿದ ದಿನಾಂಕ ಬೇಡ ಅಂತ ಮಾತ್ರ ಹೇಳಿ.