ಸೌಟು ಹಿಡಿದ ಹೀರೋಗೆ ಶಿಳ್ಳೆ ಯಾವಾಗ?

ಒಂದು ಸಣ್ಣ ಪರೀಕ್ಷೆ. ನೀವು ಕೊನೆಯದಾಗಿ ನೋಡಿದ ಚಿತ್ರದ ಹೀರೋ ಯಾರು? ಥಟ್ಟನೆ ಹೇಳ್ತೀರಿ. ಹೀರೋಯಿನ್? ಅವರ ಜಾತಕವೇ ನಿಮ್ಮ ಜೇಬಿನಲ್ಲಿದೆ! ಸಂಗೀತ, ಕ್ಯಾಮರಾ, ಫೈಟು... ಅದೂ ಬಾಯಿಪಾಠ. ಸರಿ, ಅದೇ ಚಿತ್ರದ ಶೂಟಿಂಗಿನಲ್ಲಿ ಕೋಳಿ ಕೂಗೋ ಮುಂಚೆ ಎದ್ದು, ಇಡೀ ಯೂನಿಟ್ಟಿಗೆ ಬಿಸಿ ಇಡ್ಲಿ ಬೇಯಿಸಿದವರು ಯಾರು?

ಸುಮ್ಮನಾದಿರಿ ಅಲ್ಲವೇ!

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಯಾವ ಚಿತ್ರದ ಮುಹೂರ್ತದಲ್ಲೂ ಅಲ್ಲ, ಶತದಿನೋತ್ಸವದಲ್ಲೂ ಅಲ್ಲ. ಅಡುಗೆಯವರ ಪ್ರಶಸ್ತಿ ಸಮಾರಂಭದಲ್ಲಿ! ಹೌದು ಸ್ವಾಮಿ, ಒಗ್ಗರಣೆಗೂ ಅವಾರ್ಡು ಉಂಟು. ಅಕ್ಟೋಬರ್ 20 ಅಂತಾರಾಷ್ಟ್ರೀಯ ಬಾಣಸಿಗರ ದಿನ. 2004ರಿಂದ ದೇಶದೇಶಗಳ ಅಡುಗೆಯವರು ಆಚರಿಸಿಕೊಂಡು ಬಂದಿದ್ದಾರೆ. ಆ ದಿನದ ಆಸುಪಾಸಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ನಡೆದ ಸಮಾರಂಭಕ್ಕೆ ನಾನೂ ಒಬ್ಬ ಅತಿಥಿ.

ನನಗೆ ಪಾಸ್ ಸಿಕ್ಕ ಕಥೆ ಕೇಳಿ. ನಮ್ಮ ಹೆಗ್ಗನಹಳ್ಳಿ ನಿಮಗೆ ಗೊತ್ತಲ್ಲ? ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಸುಂಕದಕಟ್ಟೆ. ಬೆಳಗ್ಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಾಲು, ರಾತ್ರಿ ಶಿಫ್ಟ್ ಮುಗಿಸಿದ ಹುಡುಗರ ಸಾಲು. ನಮ್ಮ ಬೀದಿಯ ಮಹಡಿ ರೂಮಿನಲ್ಲಿ ಹಾಸನದ ಕಡೆಯ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಆ ದೊಡ್ಡ ಹೋಟೆಲಿನ ಕಿಚನ್ನಿನಲ್ಲಿ ಕೆಲಸ. ಕೆಲಸದವರ ಮನೆಯವರಿಗೆ ಅಂತ ಒಂದೊಂದು ಪಾಸ್ ಕೊಟ್ಟಿದ್ದರಂತೆ. "ಅಪ್ಪ ಅಮ್ಮ ಊರಲ್ಲವ್ರೆ, ನೀವೇ ಬನ್ನಿ ಅಣ್ಣ" ಅಂದ. ಇಸ್ತ್ರಿ ಅಂಗಿ ಹಾಕಿ, ಮಾಗಡಿ ರೋಡಿನ ಬಸ್ ಹತ್ತಿ ಹೊರಟೇಬಿಟ್ಟೆ.

ಟೈರಿನಿಂದ ಹುಟ್ಟಿದ ಸ್ಟಾರ್

ಒಳಗೆ ಕಾಲಿಟ್ಟರೆ ಥೇಟ್ ಸಿನಿಮಾ ಅವಾರ್ಡು! ಅದೇ ಕೆಂಪು ಹಾಸು, ಅದೇ ಕಣ್ಣು ಕೋರೈಸೋ ಲೈಟು. ರೇಷ್ಮೆ ಸೂಟಿನ ಬದಲು ಬಿಳಿ ಕೋಟು, ಕಿರೀಟದ ಬದಲು ಮಡಿಕೆ ಮಡಿಕೆಯ ಉದ್ದ ಬಿಳಿ ಟೋಪಿ, ಅಷ್ಟೇ. ಸಿಹಿ ತಿಂಡಿಗೆ ಒಂದು ಪ್ರಶಸ್ತಿ, ತಂದೂರಿಗೆ ಒಂದು, ಕಲಿಯುವ ಹುಡುಗರಿಗೆ ಒಂದು. ಪಕ್ಕದಲ್ಲಿದ್ದ ಹಿರಿಯರೊಬ್ಬರು ವಿವರಿಸಿದರು. ಸ್ಪರ್ಧೆಯಲ್ಲಿ ರುಚಿಗೆ ಮಾತ್ರ ಅಂಕ ಅಲ್ಲವಂತೆ. ಒಲೆ ಸುತ್ತ ಎಷ್ಟು ಚೊಕ್ಕಟ, ಎಷ್ಟು ತರಕಾರಿ ದಂಡ ಮಾಡಿದ, ಗಡಿಯಾರಕ್ಕೆ ಸರಿಯಾಗಿ ತಟ್ಟೆ ಇಟ್ಟನೋ ಇಲ್ಲವೋ, ಎಲ್ಲವನ್ನೂ ತೀರ್ಪುಗಾರರು ನಿಂತು ನೋಡ್ತಾರೆ. ನಮ್ಮ ಸಿನಿಮಾ ಜ್ಯೂರಿಗೆ ಆ ಕಷ್ಟವಿಲ್ಲ, ಕೊನೆಗೆ ತೆರೆಗೆ ಬಂದದ್ದನ್ನು ನೋಡಿದರೆ ಆಯಿತು!

ಅಂದ ಹಾಗೆ, ಅಡುಗೆ ಲೋಕದ ಅತಿ ದೊಡ್ಡ 'ಸ್ಟಾರ್' ಹುಟ್ಟಿದ್ದು ಎಲ್ಲಿ ಗೊತ್ತೇ? ಟೈರ್ ಅಂಗಡಿಯಲ್ಲಿ! ಫ್ರಾನ್ಸಿನ ಮಿಷೆಲಿನ್ ಟೈರ್ ಕಂಪನಿ 1900ರಲ್ಲಿ ಕಾರಿನವರಿಗಾಗಿ ಒಂದು ಪುಸ್ತಕ ಹಂಚಿತು. ಊಟ ಎಲ್ಲಿ, ವಸತಿ ಎಲ್ಲಿ ಅಂತ. ಜನ ಹೆಚ್ಚು ಓಡಾಡಿದಷ್ಟೂ ಟೈರು ಹೆಚ್ಚು ಸವೆಯುತ್ತದಲ್ಲ! 1926ರಿಂದ ಒಳ್ಳೇ ಹೋಟೆಲಿಗೆ ನಕ್ಷತ್ರದ ಗುರುತು ಹಾಕತೊಡಗಿದರು. ಆ ಒಂದು ನಕ್ಷತ್ರಕ್ಕೆ ಇಂದಿಗೂ ಷೆಫ್‌ಗಳು ಜೀವ ತೇಯುತ್ತಾರೆ.

ಬಾಗಿಲ ಹಿಂದಿನ ಡ್ಯೂಪ್

ಅದಿರಲಿ, ನಮ್ಮ ಹುಡುಗ ಎಲ್ಲಿ? ಸಭಾಂಗಣದಲ್ಲಿ ಕಾಣಲೇ ಇಲ್ಲ. ವಿಚಾರಿಸಿದರೆ, ಅಂದಿನ ರಾತ್ರಿಯ ಊಟಕ್ಕೆ ಹಿಂದಿನ ಕಿಚನ್ನಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾನಂತೆ! ಅಡುಗೆಯವರಿಗೆ ಸನ್ಮಾನ ಅಂದರೂ ಅಡುಗೆ ಮಾಡೋರು ಯಾರಾದರೂ ಬೇಕಲ್ಲ. ದೊಡ್ಡ ಕಿಚನ್ನೂ ಒಂದು ಸಿನಿಮಾ ಯೂನಿಟ್ಟೇ ಕಣ್ರೀ. ಎಕ್ಸಿಕ್ಯೂಟಿವ್ ಷೆಫ್ ಅಂದರೆ ನಿರ್ದೇಶಕ. ಸೂ ಷೆಫ್ ಅಂದರೆ ಸಹ ನಿರ್ದೇಶಕ. ಕೊನೆಯ ಮೆಟ್ಟಿಲಲ್ಲಿ 'ಕಮಿ'. ಹೆಚ್ಚೋದು, ಸುಲಿಯೋದು, ಕುದಿಸೋದು ಅವನ ಪಾಲು. ನಮ್ಮವನು ಅದೇ ಕಮಿ.

ಕೊನೆಯ ಪ್ರಶಸ್ತಿ ಬಂದದ್ದು ಅವನ ಷೆಫ್‌ಗೇ. ಆ ಮನುಷ್ಯ ಫಲಕ ಹಿಡಿದು ಮೈಕಿನ ಮುಂದೆ ನಿಂತು, "ಆ ಬಾಗಿಲು ತೆಗೀರಿ" ಅಂದರು. ಕಿಚನ್ ಬಾಗಿಲು ತೆರೆಯಿತು. ಒಬ್ಬೊಬ್ಬರಾಗಿ ಹನ್ನೊಂದು ಜನ ಹೊರಬಂದರು. ಬೆವರು, ಹಿಟ್ಟು, ಅರಿಶಿನದ ಕಲೆ. ಕೊನೆಯವನು ನಮ್ಮ ಹುಡುಗ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ. ಇಡೀ ಸಭೆ ಎದ್ದು ನಿಂತಿತು. ನಾನು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೇಬಿಟ್ಟೆ. ಸೂಟಿನವರು ತಿರುಗಿ ನೋಡಿದರು. ನೋಡಲಿ!

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಖುಷಿ ಆಯ್ತೇನೋ?" ಅವನು ನಕ್ಕ. "ಆಯ್ತಣ್ಣ. ಆದ್ರೆ ಫಲಕದ ಮೇಲೆ ಒಂದೇ ಹೆಸರು. ನಿಮ್ ಸಿನಿಮಾದಲ್ಲಿ ಬಿಲ್ಡಿಂಗಿಂದ ಜಿಗಿಯೋನು ಒಬ್ಬ, ಶಿಳ್ಳೆ ಹೊಡೆಸ್ಕೊಳ್ಳೋನು ಇನ್ನೊಬ್ಬ ಅಲ್ವಾ? ನಾವೂ ಡ್ಯೂಪೇ."

ಎರಡು ಲೋಕ, ಒಂದೇ ಲೆಕ್ಕ

ಹುಡುಗನ ಮಾತು ಉತ್ಪ್ರೇಕ್ಷೆ ಅನ್ನಿಸಿದರೆ ಇಸವಿಗಳನ್ನೇ ನೋಡಿ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಮೊದಲು ಕೊಟ್ಟಿದ್ದು 1954ರಲ್ಲಿ. ಪ್ರಾಣ ಪಣಕ್ಕಿಡೋ ಸಾಹಸ ನಿರ್ದೇಶನಕ್ಕೆ ಅಂತ ಪ್ರತ್ಯೇಕ ಪ್ರಶಸ್ತಿ ಹುಟ್ಟಿದ್ದು 2016ರ ಚಿತ್ರಗಳಿಗೆ! ಅರವತ್ತು ವರ್ಷ ದಾಟಿದ ಮೇಲೆ. 2018ರ ಸಾಲಿನಲ್ಲಿ ನಮ್ಮ 'ಕೆ.ಜಿ.ಎಫ್' ಮೊದಲ ಭಾಗ ಅದನ್ನು ಕನ್ನಡಕ್ಕೆ ತಂದಾಗ ನಾವೆಲ್ಲ ಕುಣಿದಿದ್ದೆವು. ಪದ್ಮ ಪ್ರಶಸ್ತಿಗಳು ಶುರುವಾದದ್ದೂ 1954ರಲ್ಲೇ. ಅಡುಗೆ ಪುಸ್ತಕಗಳ ತರಲಾ ದಲಾಲ್ ಅವರಿಗೆ ಪದ್ಮಶ್ರೀ ಬಂದದ್ದು 2007ರಲ್ಲಿ. ಹೋಟೆಲಿನ ಒಲೆ ಮುಂದೆ ಬದುಕು ಸವೆಸಿದ ಇಮ್ತಿಯಾಜ್ ಖುರೇಶಿಯವರಿಗೆ ಬರಲು 2016 ಆಗಬೇಕಾಯಿತು. ಫೈಟರ್‌ಗೂ ಬಾಣಸಿಗನಿಗೂ ಕಾಯೋದು ಒಂದೇ ಹಣೆಬರಹ!

ತಮಾಷೆ ನೋಡಿ, ನಮ್ಮ ಪುರಾಣದಲ್ಲಿ ಹೀಗಿರಲಿಲ್ಲ. ಗದೆ ಹಿಡಿದ ಭೀಮ ವಿರಾಟನ ಮನೆಯಲ್ಲಿ ವಲಲನಾಗಿ ಸೌಟು ಹಿಡಿದ. ನಳ ಮಹಾರಾಜನ ಕೈರುಚಿಗೆ 'ನಳಪಾಕ' ಅಂತ ಹೆಸರೇ ಉಳಿಯಿತು. ವೇಷ ಮರೆಸಿಕೊಂಡ ಹೀರೋ ಅಡುಗೆಮನೆಗೇ ಹೊಕ್ಕ! ಸಿನಿಮಾದವರೂ ಇದನ್ನು ಮರೆತಿಲ್ಲ. 2007ರ 'ನಂ. 73, ಶಾಂತಿನಿವಾಸ'ದಲ್ಲಿ ಕಿಚ್ಚ ಸುದೀಪ್ ಅಡುಗೆಯವನಾಗಿ ಒಡೆದ ಮನೆ ಕೂಡಿಸಿದರು. 2014ರ 'ಒಗ್ಗರಣೆ'ಯಲ್ಲಿ ಪ್ರಕಾಶ್ ರೈ ಬಾಯಲ್ಲಿ ನೀರೂರಿಸಿದರು. 2020ರಲ್ಲಿ 'ಭೀಮಸೇನ ನಳಮಹಾರಾಜ' ಬಂತು. ತೆರೆ ಮೇಲಿನ ಅಡುಗೆಯವನಿಗೆ ಚಪ್ಪಾಳೆ ಬಿತ್ತು. ತೆರೆ ಹಿಂದಿನವನಿಗೆ?

ಬ್ಯಾನರಿನಲ್ಲಿಲ್ಲದ ಮುಖ

ಅಪ್ಪು ನಮ್ಮನ್ನಗಲಿದ್ದು 2021ರ ಅಕ್ಟೋಬರ್ 29ರಂದು. ನವೆಂಬರ್ 9ರಂದು ಅರಮನೆ ಮೈದಾನದಲ್ಲಿ ಅವರ ಕುಟುಂಬ ಅಭಿಮಾನಿಗಳಿಗೆ ಅನ್ನಸಂತರ್ಪಣೆ ಮಾಡಿತು. ಸಾವಿರ ಸಾವಿರ ಜನ ಕಣ್ಣೀರು ಒರೆಸಿಕೊಂಡು ಉಂಡರು. 2022ರ ನವೆಂಬರ್ 1ರಂದು ಅಪ್ಪುಗೆ 'ಕರ್ನಾಟಕ ರತ್ನ' ಬಂದಾಗಲೂ ನಾಡಿನಲ್ಲಿ ಹಬ್ಬ. ಆದರೆ ಅಂದು ಮೈದಾನದಲ್ಲಿ ಹೊಗೆ ಕುಡಿದು ಅಷ್ಟು ಅನ್ನ ಬಸಿದ ಕೈಗಳ ಹೆಸರು ನಮ್ಮ ನಿಮ್ಮ ಬಾಯಲ್ಲಿ ಇದೆಯೇ?

ದೊಡ್ಡ ಪ್ರಶಸ್ತಿಗಳು ದೆಹಲಿಯಿಂದ ಬರಲಿ ಬಿಡಿ, ಅವರ ನಿಧಾನ ಅವರಿಗೆ. ನಮ್ಮ ಕೈಲಿರೋದು ಒಂದಿದೆ. ಹೆಗ್ಗನಹಳ್ಳಿ ಕ್ರಾಸಿನಲ್ಲಿ ರಾಜ್ಯೋತ್ಸವಕ್ಕೆ, ಅಪ್ಪು ಹುಟ್ಟಿದ ಮಾರ್ಚ್ 17ಕ್ಕೆ ಅಭಿಮಾನಿ ಹುಡುಗರು ಅನ್ನದಾನ ಮಾಡ್ತಾರೆ. ನಿಮ್ಮೂರಲ್ಲೂ ಮಾಡ್ತೀರಿ. ಬ್ಯಾನರಿನ ತುಂಬ ಮುಖಗಳು: ಅಧ್ಯಕ್ಷರು, ಉಪಾಧ್ಯಕ್ಷರು, ಕೂಲಿಂಗ್ ಗ್ಲಾಸ್ ಹಾಕಿದ ಗೆಳೆಯರ ಬಳಗ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಿಸಿಬೇಳೆಬಾತ್ ತಿರುವಿದ ಭಟ್ಟರ ಮುಖ ಮಾತ್ರ ಇಲ್ಲ!

ಮುಂದಿನ ಸಲ ಆ ಬ್ಯಾನರಿನ ಮೂಲೆಯಲ್ಲಿ 'ಅಡುಗೆ: ಇಂಥವರು' ಅಂತ ಒಂದು ಸಾಲು ಹಾಕಿಸಿ. ಒಂದು ಸಾಲಿಗೆ ಪ್ರಿಂಟಿಂಗಿನವನು ಹೆಚ್ಚಿಗೆ ಕಾಸೇನೂ ಕೇಳಲ್ಲ.